ಮಧೂರಿನ ‘ಧ’, ಪೆರ್ಲದ ‘ರ್ಲ’: ನಿಮ್ಮನ್ನು ನಿಲ್ಲಿಸಿ ನೋಡಿಸಿದ ಅಕ್ಷರ ಯಾವುದು?

ಪೆರ್ಲ ಪೆನ್ಸಿಲ್

ಮಂಗಳೂರಿನಲ್ಲಿ ಡಿಸೈನ್ ಕೆಲಸ, ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ. ಊರಿಗೆ ಬರಲು ವಿಟ್ಲದ ದಾರಿ ಹತ್ತಿರ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಆದರೂ ನಾನು ತಲಪಾಡಿ, ಉಪ್ಪಳ, ಕುಂಬಳೆ, ಬದಿಯಡ್ಕ ಸುತ್ತಿಕೊಂಡೇ ಬರುತ್ತೇನೆ. ಬೋರ್ಡು ನೋಡುವ ಹುಚ್ಚು. ಕಿಟಕಿ ಬದಿಯ ಸೀಟು ಸಿಕ್ಕಿದರೆ ಮೊಬೈಲ್ ಕಿಸೆಯಿಂದ ಹೊರಗೆ ಬರುವುದೇ ಇಲ್ಲ.

ಈಗ ಆ ದಾರಿಯಲ್ಲಿ ನೋಡಲು ಜಾಸ್ತಿ ಉಳಿದಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥ ಆಗುವಾಗ ರಸ್ತೆ ಬದಿಯ ಹಳೆಯ ಅಂಗಡಿಗಳು ಹೋದವು. ಜತೆಗೆ ತಗಡಿನ ಬೋರ್ಡುಗಳೂ ಹೋದವು. ಒಂದು ಹೋಟೆಲಿನ ಬೋರ್ಡು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳದಿ ನೆಲ, ಕೆಂಪು ಅಕ್ಷರ, ಎಡಕ್ಕೆ ಕಪ್ಪು ನೆರಳು. ‘ಹೋಟೆಲ್’ನ ‘ಲ್’ ಇದೆಯಲ್ಲ, ಅದರ ಬಾಲ ಪದದ ಕೆಳಗೆ ಪೂರ್ತಿ ಹರಿದು ‘ಹೋ’ ಹತ್ತಿರ ಬಂದು ಬಾಳೆಲೆ ಆಗಿತ್ತು. ಎಲೆಯ ನಡುವಿನ ದಂಟನ್ನೂ ಬಿಡಿಸಿದ್ದರು. ಎಷ್ಟೋ ವರ್ಷ ನೋಡಿದೆ, ಒಂದು ಫೋಟೋ ತೆಗೆಯಲಿಲ್ಲ.

ಅದನ್ನು ಬರೆದವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಮಾಡುವವರ ಹೆಸರಾದರೂ ಸಿಗುತ್ತದೆ. ನಾನು ಮೆಚ್ಚುವ ಮೊದಲ ಹೆಸರು ವೈಷ್ಣವಿ ಮೂರ್ತಿ. ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೋ ಜತೆ ಸೇರಿ ಅವರು ಮಾಡಿದ ‘ಅಕಾಯ ಕನಡಕ’ ಫಾಂಟ್ ನೋಡಿ. ಅಕ್ಷರಗಳು ಶಾಲೆ ಬಿಟ್ಟ ಮಕ್ಕಳ ಹಾಗೆ, ಒಂದೂ ಸುಮ್ನೆ ನಿಂತಿಲ್ಲ. ಆದರೂ ಓದಲು ಎಲ್ಲೂ ತಡೆಯುವುದಿಲ್ಲ. ಪುಸ್ತಕದ ಮುಖಪುಟ ಅಂದರೆ ನನಗೆ ‘ಅಪಾರ’ ಎಂಬ ಹೆಸರಿನ ಕಲಾವಿದರೇ. ಪುಸ್ತಕದ ಹೆಸರನ್ನು ಚಿತ್ರದ ಪಕ್ಕಕ್ಕೆ ಅಂಟಿಸುವ ಬದಲು ಹೆಸರನ್ನೇ ಚಿತ್ರ ಮಾಡುವುದು ಅವರಿಂದ ನೋಡಿ ಕಲಿತದ್ದು.

ಇಷ್ಟೆಲ್ಲ ಬರೆಯಲು ಒಂದು ಸ್ವಾರ್ಥವೂ ಇದೆ. ನಮ್ಮೂರಿನ ಗ್ರಂಥಾಲಯಕ್ಕೆ ಹೊಸ ಬೋರ್ಡು ಮಾಡಿಕೊಡಲು ಹೇಳಿದ್ದಾರೆ. 8 ಅಡಿ ಉದ್ದ, ಎರಡೂವರೆ ಅಡಿ ಎತ್ತರ. ಕನ್ನಡ, ಮಲಯಾಳಂ ಎರಡೂ ಬೇಕು. ಹನ್ನೊಂದು ಸಲ ಮಾಡಿ ಅಳಿಸಿದೆ. ಅದು ಆಮೇಲೆ. ಮೊದಲು ಹೇಳಿ, ನಿಮ್ಮನ್ನು ನಿಲ್ಲಿಸಿ ನೋಡಿಸಿದ ಅಕ್ಷರ ಯಾವುದು?

ಚಾಕ್‌ಪೀಸ್ ಟೀಚರ್

ಮಧೂರಿನ ‘ಧ’.

ನಗಬೇಡಿ. ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಮಾಡುವವಳು. ಮಧೂರಿಗೆ ಹೋಗುವ ದಾರಿಯಲ್ಲಿ ಒಂದು ಬೋರ್ಡಿತ್ತು, ಅದರಲ್ಲಿ ‘ಧ’ದ ಕೆಳಗಿನ ಗೀಟು ಎಷ್ಟು ಸ್ಪಷ್ಟ ಅಂದರೆ ಮಹಾಪ್ರಾಣ ಕಲಿಸಲು ಅದನ್ನೇ ತೋರಿಸುತ್ತಿದ್ದೆ. ಈಗ ಅಲ್ಲೇ ಪ್ಲಾಸ್ಟಿಕ್ ಬೋರ್ಡು ಬಂದಿದೆ. ದಪ್ಪ ಅಕ್ಷರ, ಗೀಟು ತುಂಬಿ ಹೋಗಿದೆ. ದೂರದಿಂದ ‘ಮದೂರು’. ಮಕ್ಕಳೂ ಹಾಗೆಯೇ ಬರೆಯುತ್ತಾರೆ. ಬೋರ್ಡಿನಲ್ಲಿ ಹಾಗೆ ಇದೆಯಲ್ಲ ಟೀಚರ್ ಅಂದರೆ ನಾನು ಎಂತ ಹೇಳುವುದು?

ಪೆನ್ಸಿಲ್ ಅವರೇ, ನಿಮ್ಮ ಊರಿನ ಹೆಸರೂ ನನಗೆ ಪ್ರತಿ ವರ್ಷ ತಲೆನೋವು. ‘ಪೆರ್ಲ’ ಬರೆಯುವಾಗ ‘ಲ’ದ ಮುಂದೆ ಅರ್ಕಾವತ್ತು ಹಾಕುವುದೋ, ‘ರ’ ಬರೆದು ಅದರ ಕೆಳಗೆ ‘ಲ’ ಒತ್ತು ಕೊಡುವುದೋ? ಎರಡೂ ಸರಿ ಅನ್ನುತ್ತೇನೆ. ಮಕ್ಕಳಿಗೆ ಎರಡೂ ಸರಿ ಎಂಬ ಉತ್ತರ ಇಷ್ಟವಾಗುವುದಿಲ್ಲ.

ಕೋಡ್ ಕುಂಬಳೆ

ಟೀಚರೇ, ಆ ಜಗಳದಲ್ಲಿ ಕಂಪ್ಯೂಟರ್ ಆಗಲೇ ಪಕ್ಷ ವಹಿಸಿದೆ. ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ರ, ಹಲಂತ, ಲ ಅಂತ ಸುಮ್ನೆ ಟೈಪ್ ಮಾಡಿದರೆ ಅರ್ಕಾವತ್ತೇ ಬರುತ್ತದೆ. ‘ರ’ದ ಕೆಳಗೆ ಒತ್ತು ಬೇಕಿದ್ದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಹೀಗೆ: ಪೆರ‍್ಲ. ನೋಡಿದಿರಾ? ಒಂದೇ ಊರು, ಎರಡು ಮುಖ. ಕೈಯಲ್ಲಿ ಬರೆಯುವವರಿಗೆ ಈ ಗಂಡಾಂತರ ಇಲ್ಲ.

ನನ್ನ ಮೆಚ್ಚುಗೆ ‘ಬಾಲೂ’ ಫಾಂಟಿಗೆ. ಮುಂಬೈಯ ಏಕ್ ಟೈಪ್‌ನವರು ಭಾರತದ ಬೇರೆ ಬೇರೆ ಲಿಪಿಗಳಿಗೆ ಅದನ್ನು ಮಾಡಿದ್ದಾರೆ. ದಪ್ಪ, ದುಂಡು, ಮೆತ್ತಗೆ. ಹೆಚ್ಚಿನ ಲಿಪಿಗಳ ಬಾಲೂಗೆ ಆಯಾ ಭಾಷೆಯ ಸಂಬಂಧದ ಹೆಸರು. ಗುಜರಾತಿಗೆ ಬಾಲೂ ಭಾಯ್, ಬಂಗಾಳಿಗೆ ಬಾಲೂ ದಾ, ಪಂಜಾಬಿಗೆ ಬಾಲೂ ಪಾಜಿ. ಕನ್ನಡಕ್ಕೆ ಬಾಲೂ ತಮ್ಮ. ಮಲಯಾಳಕ್ಕೆ ಬಾಲೂ ಚೇಟ್ಟನ್.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅಲ್ಲಿ ಅಣ್ಣ, ಇಲ್ಲಿ ತಮ್ಮ.

ಗಡಿ ಕಲ್ಲು

😂 ಫಾಂಟಿನಲ್ಲೂ ನಾವೇ ಚಿಕ್ಕವರು.

ಹಳೇ ಬ್ರಶ್

ಮಗಳು ಇದನ್ನು ತೋರಿಸಿದಳು. ನಾನು ಹೇಳುವುದನ್ನು ಅವಳೇ ಟೈಪ್ ಮಾಡುತ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ನಾನು ಸುಮಾರು ಮೂವತ್ತು ವರ್ಷ ಬೋರ್ಡು ಬರೆದವ. ಕನ್ನಡ, ಮಲಯಾಳಂ, ಇಂಗ್ಲಿಷ್, ಬೇಕಾದರೆ ಹಿಂದಿ. ಆ ಬಾಳೆಲೆ ಬೋರ್ಡು ನನ್ನದಲ್ಲ. ಆದರೆ ಆ ಬಾಲ ಯಾಕೆ ಬಂತು ಅಂತ ನಾನು ಹೇಳಬಲ್ಲೆ. ಚಂದಕ್ಕೆ ಬಂದದ್ದಲ್ಲ ಅದು. ‘ಹೋಟೆಲ್’ ಗಿಡ್ಡ ಪದ. ತಗಡು ಉದ್ದ ಇರುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಎತ್ತರ ಸಾಲುವುದಿಲ್ಲ, ಎಳೆದು ಅಗಲ ಮಾಡಿದರೆ ಅಸಹ್ಯ. ಕೆಳಗೆ ಜಾಗ ಉಳಿಯುತ್ತದೆ. ಉಳಿದ ಜಾಗಕ್ಕೆ ‘ಲ್’ ಬಾಲ. ಬಾಲ ಸುಮ್ನೆ ನಿಂತರೆ ಹಾವಿನ ಹಾಗೆ ಕಾಣುತ್ತದೆ, ಅದಕ್ಕೆ ಎಲೆ.

ಕನ್ನಡ ಬರೆಯುವಾಗ ಮೊದಲು ಎರಡು ದಾರ ಹೊಡೆಯಬೇಕು. ದಾರಕ್ಕೆ ಸೀಮೆಸುಣ್ಣ ಹಚ್ಚಿ, ಎರಡು ಕಡೆ ಹಿಡಿದು, ನಡುವಲ್ಲಿ ಎಳೆದು ಬಿಟ್ಟರೆ ಗೆರೆ ಬೀಳುತ್ತದೆ. ಇಂಗ್ಲಿಷಿಗೆ ಎರಡು ಗೆರೆ ಸಾಕು. ಕನ್ನಡಕ್ಕೆ ಮೂರನೆಯದು ಬೇಕು, ಒತ್ತಿಗೆ. ಹೊಸಬರು ಮೂರನೆಯ ಗೆರೆ ಮರೆಯುತ್ತಾರೆ. ‘ಉಪ್ಪಳ’ ಬರೆದು ಮುಗಿಯುವಾಗ ‘ಪ’ ಒತ್ತಿಗೆ ಜಾಗ ಇರುವುದಿಲ್ಲ. ಮತ್ತೆ ಒತ್ತನ್ನು ಇರುವೆಯಷ್ಟು ಮಾಡುತ್ತಾರೆ. ದೂರದಿಂದ ‘ಉಪಳ’.

ಇನ್ನೊಂದು. ಕನ್ನಡದಲ್ಲಿ ದುಂಡು ಅಕ್ಷರ ಜಾಸ್ತಿ. ದುಂಡು ಅಕ್ಷರ ಸರೀ ಗೆರೆಯ ಮೇಲೆ ನಿಂತರೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ಕೂದಲೆಳೆಯಷ್ಟು ಗೆರೆ ದಾಟಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಗುರುಗಳ ಪಕ್ಕ ಡಬ್ಬ ಹಿಡಿದು ನಿಂತು ನೋಡಿದ್ದು.

ಪೆರ್ಲ ಪೆನ್ಸಿಲ್

ಬ್ರಶ್ ಅಣ್ಣ, ಕೈ ಮುಗಿದೆ. ಆ ಕೂದಲೆಳೆಗೆ ನಮಗೆ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪಾಠ ಇತ್ತು. ಫಾಂಟ್ ಮಾಡುವವರೂ ಅದನ್ನೇ ಮಾಡುತ್ತಾರೆ.

ಓದುಗ ಮುಳ್ಳೇರಿಯ

ಪೆಯಿಂಟರುಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹನೀಫ್ ಕುರೇಶಿ ಎಂಬ ಡಿಸೈನರ್ ಇದ್ದರು, ದಿಲ್ಲಿ ಕಡೆ ಕೆಲಸ ಮಾಡಿದವರು. ಬೀದಿ ಬೋರ್ಡು ಬರೆಯುವ ಪೆಯಿಂಟರುಗಳನ್ನು ಹುಡುಕಿ, ಅವರ ಕೈಯಲ್ಲೇ ಅಕ್ಷರಮಾಲೆ ಬರೆಸಿ, ಅದನ್ನು ಫಾಂಟ್ ಮಾಡಿದರು. ಫಾಂಟಿಗೆ ಇಟ್ಟದ್ದು ತನ್ನ ಹೆಸರಲ್ಲ. ‘ಪೆಯಿಂಟರ್ ಕಫೀಲ್’, ‘ಪೆಯಿಂಟರ್ ಉಮೇಶ್’ ಅಂತ ಬರೆದವರದ್ದೇ ಹೆಸರು. 2024ರಲ್ಲಿ ತೀರಿಕೊಂಡರು, ಇನ್ನೂ ಚಿಕ್ಕ ಪ್ರಾಯ.

ನಮ್ಮ ಕಡೆಯ ಕೈಬರಹವನ್ನು ಹಾಗೆ ಯಾರೂ ಹಿಡಿದಿಡಲಿಲ್ಲ. ಯಕ್ಷಗಾನದ ಹಳೆಯ ಕರಪತ್ರ ನೆನಪಿದೆಯಾ? ಪ್ರಸಂಗದ ಹೆಸರು ಬಿಲ್ಲಿನ ಹಾಗೆ ಬಾಗಿ ಮೇಲೆ, ಮೇಳದ ಹೆಸರು ದಪ್ಪಕ್ಕೆ ಕೆಳಗೆ. ನನ್ನ ಹತ್ತಿರ ಒಂದು ಚೀಲದಷ್ಟು ಇತ್ತು. ಗೆದ್ದಲು ತಿಂದಿತು. ನನ್ನದೇ ತಪ್ಪು, ಅಟ್ಟದಲ್ಲಿ ಇಟ್ಟಿದ್ದೆ.

ಹೇಗೂ ಹಳೆಯ ಮಾತು ಬಂತು, ಇನ್ನೊಂದು ಸೇರಿಸುತ್ತೇನೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1843ರ ಜುಲೈ 1. ಅದು ಬಂದದ್ದು ಅಚ್ಚುಮೊಳೆಯಲ್ಲಿ ಅಲ್ಲ, ಕಲ್ಲಚ್ಚಿನಲ್ಲಿ. ಅಂದರೆ ಕೈಯಲ್ಲಿ ಬರೆದ ಅಕ್ಷರ. ನಮ್ಮ ಪತ್ರಿಕೋದ್ಯಮ ಶುರುವಾದದ್ದೇ ಒಬ್ಬ ಹೆಸರಿಲ್ಲದ ಬರಹಗಾರನ ಕೈಯಿಂದ.

ಗಡಿ ಕಲ್ಲು

ಎಲ್ಲ ಚಂದವೇ. ಆದರೆ ನನಗೆ ಇದೆಲ್ಲ ಸ್ವಲ್ಪ ಶೋಕಿಯ ಹಾಗೆ ಕಾಣುತ್ತದೆ, ಬೇಸರ ಮಾಡಬೇಡಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಕೇಳುತ್ತಿರುವುದು ಏನು? ಬೋರ್ಡಿನಲ್ಲಿ ಕನ್ನಡ ಇರಲಿ ಅಂತ. ಅರ್ಜಿಯ ಫಾರಂ ಕನ್ನಡದಲ್ಲಿ ಕೊಡಿ ಅಂತ. ಅದೇ ಸರಿಯಾಗಿ ಸಿಗುವುದಿಲ್ಲ. ಇಲ್ಲಿ ‘ಧ’ದ ಗೀಟು, ಒತ್ತಿನ ಅಳತೆ. ಊಟವೇ ಇಲ್ಲದವನ ಹತ್ತಿರ ಉಪ್ಪಿನಕಾಯಿಯ ರುಚಿ ಕೇಳಿದ ಹಾಗೆ ಆಯಿತು.

ಚಾಕ್‌ಪೀಸ್ ಟೀಚರ್

ಕಲ್ಲು ಅವರೇ, ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಒಂದು ಕಚೇರಿಯಲ್ಲಿ ಆದದ್ದು ಹೇಳುತ್ತೇನೆ, ಎಲ್ಲಿ ಅಂತ ಬೇಡ. ಬಹಳ ಓಡಾಡಿದ ಮೇಲೆ ಗೋಡೆಗೆ ಕನ್ನಡದ ಮಾಹಿತಿ ಫಲಕ ಹಾಕಿದರು. ನಾವು ಹೋಗಿ ನೋಡಿದರೆ ಹಲಂತ ಎಲ್ಲ ಬಿಟ್ಟು ಬಿಟ್ಟು ನಿಂತಿತ್ತು. ‘ಅರ್ಜಿ’ಯ ‘ರ್’ ಒಂದು ಕಡೆ, ‘ಜಿ’ ಇನ್ನೊಂದು ಕಡೆ. ‘ಪ್ರಮಾಣಪತ್ರ’ದಲ್ಲಿ ಒತ್ತು ಎಲ್ಲಿ ಅಂತ ಹುಡುಕಬೇಕು. ಕನ್ನಡ ಓದುವವರೂ ಮಲಯಾಳಂ ಕಡೆ ಕಣ್ಣು ಹಾಯಿಸಿ ಅರ್ಥ ಮಾಡಿಕೊಂಡರು. ಆರು ತಿಂಗಳ ನಂತರ ಒಬ್ಬರು ಹೇಳಿದ ಮಾತು: ‘ಕನ್ನಡ ಹಾಕಿದ್ದೆವಲ್ಲ, ಯಾರೂ ಓದುವುದಿಲ್ಲ.’

ಓದಲು ಆಗುವ ಹಾಗೆ ಬರೆದಿದ್ದರೆ ತಾನೇ ಓದುವುದು? ಊಟ ಬಡಿಸಿದ್ದಾರೆ, ಆದರೆ ಅಕ್ಕಿ ಬೆಂದಿಲ್ಲ. ಅದನ್ನು ಊಟ ಅನ್ನುವುದಾ?

ಕೋಡ್ ಕುಂಬಳೆ

ಟೀಚರ್ ಹೇಳಿದ ರೋಗಕ್ಕೆ ಮದ್ದು ಉಂಟು. ಫ್ಲೆಕ್ಸ್ ಅಂಗಡಿಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಬರೆದುಕೊಳ್ಳಿ. ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದಾಗ ಹಲಂತ ಬಿಟ್ಟುಕೊಂಡರೆ ಅದು ಫಾಂಟಿನ ತಪ್ಪಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಒತ್ತಬೇಕು. ಕೆಲವು ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್ ರೆಡಿ. ಫೈಲ್ ಹೊಸದಾಗಿ ತೆರೆದು ಮತ್ತೆ ಅಂಟಿಸಿ. ಅಷ್ಟೇ. ಈ ಒಂದು ಗುಂಡಿ ಒತ್ತದೆ ಎಷ್ಟು ಬ್ರಹ್ಮಕಲಶೋತ್ಸವದ ಫ್ಲೆಕ್ಸ್ ಹಾಳಾಗಿದೆಯೋ ದೇವರಿಗೇ ಗೊತ್ತು, ಅಲ್ಲೇ ಇರುತ್ತಾನಲ್ಲ.

ಎರಡನೆಯದು, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಬೇರೆ ಅಂಗಡಿಗೆ ಕಳಿಸಿದರೆ ಅಲ್ಲಿ ಆ ಫಾಂಟ್ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಯೂನಿಕೋಡಿನಲ್ಲೇ ಕೊಡಿ.

ಮೂರನೆಯದು ಮೂರು ಭಾಷೆಯ ಬೋರ್ಡಿನವರಿಗೆ. ಮಲಯಾಳಂ, ಇಂಗ್ಲಿಷ್, ಕನ್ನಡ ಮೂರೂ ಒಂದೇ ಉದ್ದಕ್ಕೆ ನಿಲ್ಲಬೇಕು ಅಂತ ‘ಕಾಸರಗೋಡು’ವನ್ನು ಎರಡು ಕಡೆಯಿಂದ ಒತ್ತುತ್ತಾರೆ. ಹಾಗೆ ಒತ್ತಿದರೆ ನಿಂತ ಗೆರೆ ಸಪೂರ ಆಗುತ್ತದೆ, ಮಲಗಿದ ಗೆರೆ ದಪ್ಪವೇ ಉಳಿಯುತ್ತದೆ. ಬಾಗಿಲಿಗೆ ಸಿಕ್ಕಿಬಿದ್ದವನ ಹಾಗೆ ಕಾಣುತ್ತದೆ. ಒತ್ತಬೇಡಿ. ಏಕ್ ಟೈಪ್‌ನವರದ್ದೇ ‘ಅನೇಕ್ ಕನ್ನಡ’ ಅಂತ 2022ರಲ್ಲಿ ಬಂದಿದೆ. ವೈಷ್ಣವಿ ಮೂರ್ತಿ ಅವರೇ ಬಿಡಿಸಿದ್ದು. ಅದರಲ್ಲಿ ದಪ್ಪವನ್ನೂ ಬದಲಿಸಬಹುದು, ಅಗಲವನ್ನೂ ಬದಲಿಸಬಹುದು. ಸಪೂರದ್ದು ಬೇಕಾದರೆ ಅವರು ಸಪೂರಕ್ಕೆ ಅಂತಲೇ ಬಿಡಿಸಿದ ಅಕ್ಷರ ಸಿಗುತ್ತದೆ. ಅನೇಕ್ ಮಲಯಾಳಂ ಕೂಡ ಇದೆ, ಇಂಗ್ಲಿಷೂ ಇದೆ. ಮೂರು ಲಿಪಿ ಒಂದೇ ಮನೆಯವರ ಹಾಗೆ ಕಾಣುತ್ತವೆ. ಎಲ್ಲ ಉಚಿತ.

ಗಡಿ ಕಲ್ಲು

ಅಕ್ಕಿ ಬೆಂದಿಲ್ಲ ಅಂದದ್ದು ತಾಗಿತು ಟೀಚರೇ. ಒಪ್ಪಿದೆ. ಆದರೂ ಬೋರ್ಡೇ ಇಲ್ಲದ ಕಡೆಯ ಮಾತನ್ನು ನಾನು ಬಿಡುವುದಿಲ್ಲ.

ಚಾಕ್‌ಪೀಸ್ ಟೀಚರ್

ಬಿಡಬೇಡಿ. ನಾನೂ ಬರುತ್ತೇನೆ.

ಅಕ್ಕಲಕೋಟಿ ಪಾಟಿ

ನಮಸ್ಕಾರ್ರಿ, ನಾವು ಸೊಲ್ಲಾಪುರ ಜಿಲ್ಲಾದವರು. ನಿಮ್ಮದು ಮಲಯಾಳಂ ಜತೆ, ನಮ್ಮದು ಮರಾಠಿ ಜತೆ. ಕತಿ ಮಾತ್ರ ಒಂದೇ ನೋಡ್ರಿ.

ನಮ್ಮ ಕಡೆ ಪೇಂಟರ್ ಕಲಿಯೋದು ದೇವನಾಗರಿ ಬರೆಯಲಿಕ್ಕೆ. ಅದರಾಗ ಮೊದಲು ಮೇಲಿನ ಗೆರೆ ಎಳೀತಾರ, ಆಮೇಲೆ ಅಕ್ಷರ ಅದಕ್ಕ ತೂಗಬಿಡ್ತಾರ. ಅದೇ ಮನುಷ್ಯಾ ಕನ್ನಡ ಬರೆದರ ಏನಾಗ್ತದ? ಎಲ್ಲ ತಲಕಟ್ಟು ಸೇರಿಸಿ ಒಂದೇ ಗೆರೆ! ನಮ್ಮೂರ ಒಂದು ಕಿರಾಣಿ ಅಂಗಡಿ ಮ್ಯಾಲೆ ಹಂಗೇ ಅದ. ಕನ್ನಡ ಅಕ್ಷರ ಬಟ್ಟಿ ಒಣಹಾಕಿದಂಗ ಹಗ್ಗಕ್ಕ ಜೋತುಬಿದ್ದಾವ. ತಪ್ಪು ಖರೆ. ಆದರ ಅದಕ್ಕಿಂತ ಚಂದದ ಬೋರ್ಡು ನಾ ನೋಡಿಲ್ಲ. ಎರಡು ಭಾಷಾ ಸೇರಿದ ಊರಿನ ಗುರುತು ಅದು.

ಮರಾಠಿ ಮಂದಿ ಅಕ್ಷರಕ್ಕ ಕೊಡೋ ಮರ್ಯಾದಿ ನೋಡಿದರ ಹೊಟ್ಟಿಕಿಚ್ಚು ಬರ್ತದ. ಅಚ್ಯುತ ಪಾಲವ ಅಂತ ಮುಂಬೈ ಕ್ಯಾಲಿಗ್ರಾಫರ್, ಮರಾಠಿಯ ಹಳೇ ಮೋಡಿ ಲಿಪಿ ಅಭ್ಯಾಸ ಮಾಡಿದವರು. 2025ರಾಗ ಪದ್ಮಶ್ರೀ ಕೊಟ್ಟರು. ಅಕ್ಷರ ಬರೆಯೋವರಿಗೆ ಪದ್ಮಶ್ರೀ! ಅವರಿಗಿಂತ ಹಿಂದಿನ ತಲೆಮಾರಿನ ಆರ್. ಕೆ. ಜೋಶಿ ಅವರ ಕೆಲಸ ನೀವೆಲ್ಲ ದಿನಾ ನೋಡಿರಿ, ಹೆಸರು ಗೊತ್ತಿರಲಿಕ್ಕಿಲ್ಲ. ವಿಂಡೋಸ್‌ನ್ಯಾಗ ಕನ್ನಡದ ‘ತುಂಗಾ’ ಫಾಂಟ್ ಇತ್ತಲ್ಲ, ಅದು ಅವರ ಕೈಕೆಳಗ ಆದದ್ದು. ಹಿಂದಿಯ ‘ಮಂಗಲ್’, ತಮಿಳಿನ ‘ಲತಾ’ ಕೂಡ ಅವರವೇ.

ಚಾಕ್‌ಪೀಸ್ ಟೀಚರ್

ಅಯ್ಯೋ! ವರ್ಷಗಟ್ಟಲೆ ಪ್ರಶ್ನೆಪತ್ರಿಕೆ ಮಾಡಿದ್ದು ತುಂಗಾದಲ್ಲೇ. ‘ತುಂಗಾ ಕಾಣಲು ಅಷ್ಟಕ್ಕಷ್ಟೆ’ ಅಂತ ಬೈದದ್ದೂ ಇದೆ. ಅದರ ಹಿಂದೆ ಒಬ್ಬರು ಮೇಷ್ಟ್ರು ಕುಳಿತಿದ್ದರು ಅಂತ ಯೋಚಿಸಿಯೇ ಇರಲಿಲ್ಲ.

ಓದುಗ ಮುಳ್ಳೇರಿಯ

ಬೈದದ್ದು ಪರವಾಗಿಲ್ಲ. ನನಗೂ ತುಂಗಾ ಇಷ್ಟವಿಲ್ಲ, ಒಣಕಲು. ಆದರೆ ಆ ಕಾಲಕ್ಕೆ ಕಂಪ್ಯೂಟರಿನಲ್ಲಿ ಕನ್ನಡ ಕಂಡರೆ ಸಾಕಿತ್ತು. ನಮ್ಮ ಪಕ್ಕದ ಕಿನ್ನಿಕಂಬಳದ ಕೆ. ಪಿ. ರಾವ್ ಅವರನ್ನೂ ನೆನೆಯಬೇಕು. ಅವರು ಮಾಡಿಕೊಟ್ಟ ಕೀಲಿಮಣೆಯ ಕ್ರಮದಿಂದಲೇ ಇವತ್ತು ನಾವೆಲ್ಲ ಟಕಟಕ ಅಂತ ಬರೆಯುತ್ತಿರುವುದು. ಅಕ್ಷರ ಬಿಡಿಸುವವರಷ್ಟೇ ಅಕ್ಷರಕ್ಕೆ ದಾರಿ ಮಾಡಿದವರೂ ಮುಖ್ಯ.

ಎರಡು ದೋಣಿ

ನಾನು ಮನೆಯಲ್ಲಿ ಕನ್ನಡ, ಓದಿದ್ದು ಮಲಯಾಳಂ. ಹಾಗಾಗಿ ಎರಡೂ ಕಡೆಯಿಂದ ಬೈಗುಳ ತಿಂದು ಅಭ್ಯಾಸ. ಒಂದು ಮಾತು ಹೇಳಲೇಬೇಕು. ಬಾಲೂ ಚೇಟ್ಟನ್ ಜೋಕಿಗೆ ನಾನೂ ನಕ್ಕೆ, ಆದರೆ ಚೇಟ್ಟನ್ ಕಷ್ಟವೂ ಸಣ್ಣದಲ್ಲ. 1971ರಲ್ಲಿ ಟೈಪ್‌ರೈಟರ್ ಮತ್ತು ಪ್ರೆಸ್ಸಿಗೆ ಅನುಕೂಲ ಆಗಲಿ ಅಂತ ಕೇರಳದಲ್ಲಿ ಲಿಪಿಯನ್ನೇ ಮುರಿದರು. ಸುರುಳಿ ಸುರುಳಿಯಾಗಿ ಕೂಡಿಕೊಂಡಿದ್ದ ಅಕ್ಷರಗಳು ಬಿಡಿ ಬಿಡಿ ಆದವು. ಕಂಪ್ಯೂಟರ್ ಬಂದ ಮೇಲೆ ಹಳೆಯದನ್ನು ಮತ್ತೆ ಕೂಡಿಸಿದ್ದು ಯಾರು? ಸರಕಾರ ಅಲ್ಲ, ಹುಚ್ಚು ಹಿಡಿದ ಕೆಲವರು. ಹುಸೇನ್ ಕೆ. ಎಚ್. ‘ರಚನಾ’ ಫಾಂಟ್ ಬಿಡಿಸಿದರು. ಸಂತೋಷ್ ತೋಟ್ಟಿಂಗಲ್ 2016ರಲ್ಲಿ ‘ಮಂಜರಿ’ ಕೊಟ್ಟರು. ಮಂಜರಿಯಲ್ಲಿ ಗೆರೆಯ ತುದಿಗಳೆಲ್ಲ ದುಂಡು, ಮೂಲೆ ಅನ್ನುವುದೇ ಇಲ್ಲ. ಮಳೆಗಾಲದ ಕಲ್ಲು ಮುಟ್ಟಿದ ಹಾಗೆ. ಇಬ್ಬರೂ ಉಚಿತವಾಗಿ ಕೊಟ್ಟರು.

ಕೈಬರಹಕ್ಕೆ ಬಂದರೆ ನಾರಾಯಣ ಭಟ್ಟತಿರಿ. ‘ಕಲಾಕೌಮುದಿ’ ವಾರಪತ್ರಿಕೆಯಲ್ಲಿ ಕತೆಗಳ ಹೆಸರು ಬರೆದು ಹೆಸರಾದವರು. ಮಳೆ ಅಂತ ಬರೆದರೆ ಅಕ್ಷರ ಒದ್ದೆಯಾಗಿರುತ್ತದೆ. ನಮ್ಮ ಅಜ್ಜನ ಮನೆಯಲ್ಲಿ ಆ ಶೀರ್ಷಿಕೆಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದರು, ಕತೆ ಓದಿದರೋ ಇಲ್ಲವೋ ಗೊತ್ತಿಲ್ಲ.

ಹಳೇ ಬ್ರಶ್

ದೋಣಿ ಹೇಳಿದ್ದು ಸರಿ. ಮಲಯಾಳಂ ಬರೆಯುವಾಗ ಕೈ ನಿಲ್ಲುವುದಿಲ್ಲ, ಓಡುತ್ತದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೆ ತಲಕಟ್ಟು ಹಾಕಲು ಕೈ ಎತ್ತಬೇಕು. ಅದಕ್ಕೇ ನಾನು ಮಲಯಾಳಕ್ಕೆ ಕಡಿಮೆ ರೇಟು ಹೇಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದೆ.

ಚುನಾವಣೆ ಬಂದರೆ ನಮಗೆ ಸುಗ್ಗಿ. ಪಾರ್ಟಿಯವರು ಗೋಡೆಗೆ ಸುಣ್ಣ ಹೊಡೆದು ‘ಬುಕ್ಡ್’ ಅಂತ ಬರೆದು ಹೋಗುತ್ತಿದ್ದರು. ಫ್ಲೆಕ್ಸ್ ಬಂದು ಎಲ್ಲ ಹೋಯಿತು ಅಂದುಕೊಂಡೆವು. 2019ರಲ್ಲಿ ಕೇರಳ ಸರಕಾರ ಪಿವಿಸಿ ಫ್ಲೆಕ್ಸ್ ನಿಲ್ಲಿಸಿತು, ಮತ್ತೆ ಸ್ವಲ್ಪ ಕೆಲಸ ಬಂತು. ಆದರೆ ಅಷ್ಟರಲ್ಲಿ ನನ್ನ ಜತೆಯವರು ಒಬ್ಬ ಗಲ್ಫಿಗೆ, ಒಬ್ಬ ಆಟೋಕ್ಕೆ. ಬ್ರಶ್ ಹಿಡಿಯುವವರು ಬೇಕು ಅಂದಾಗ ಬ್ರಶ್ ಇತ್ತು, ಹಿಡಿಯುವವರಿರಲಿಲ್ಲ.

ನನ್ನ ದೊಡ್ಡ ಮರ್ಯಾದೆ ಹೋದ ಕತೆಯೂ ಹೇಳುತ್ತೇನೆ. ಒಂದು ಹೋಟೆಲಿಗೆ ‘ಮಧ್ಯಾಹ್ನ ಊಟ ತಯಾರಿದೆ’ ಅಂತ ಬರೆಯಬೇಕಿತ್ತು. ನಾನು ‘ಹ’ಕ್ಕೆ ‘ನ’ ಒತ್ತು ಕೊಡುವ ಬದಲು ‘ನ’ಕ್ಕೆ ‘ಹ’ ಒತ್ತು ಕೊಟ್ಟೆ. ನಾಲ್ಕು ವರ್ಷ ಯಾರೂ ಗಮನಿಸಲಿಲ್ಲ. ಒಂದು ದಿನ ಒಬ್ಬರು ಕನ್ನಡ ಪಂಡಿತರು ಊಟಕ್ಕೆ ಬಂದರು. ಬೋರ್ಡು ನೋಡಿದರು. ಊಟ ಮಾಡದೆ ಹೋದರು. ಹೋಟೆಲಿನವ ಆ ಊಟದ ದುಡ್ಡನ್ನು ನನ್ನ ಹತ್ತಿರ ಕೇಳಿದ.

ಅಕ್ಕಲಕೋಟಿ ಪಾಟಿ

😂😂 ಕೊಟ್ರೇನ್ರಿ?

ಹಳೇ ಬ್ರಶ್

ಅಲ್ಲೇ ಊಟ ಮಾಡಿ ಬಂದೆ. ಪಂಡಿತರ ಪಾಲಿನದ್ದು.

ಕೋಡ್ ಕುಂಬಳೆ

‘ಬ್ರಹ್ಮಕಲಶ’ವೂ ಅದೇ ಕತೆ. ‘ಮ’ಕ್ಕೆ ‘ಹ’ ಒತ್ತು ಹಾಕಿದ ಫ್ಲೆಕ್ಸ್ ಪ್ರತಿ ವರ್ಷ ಕಾಣುತ್ತದೆ. ನಾವು ಉಚ್ಚರಿಸುವುದು ಹಾಗೆ, ಅದಕ್ಕೆ ಕೈ ಹಾಗೆ ಹೋಗುತ್ತದೆ.

ತುಳುವಿನ ಸಂಗತಿ ಯಾರೂ ಎತ್ತಲಿಲ್ಲ ಅಂತ ಆಶ್ಚರ್ಯ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು, 80 ಸಂಕೇತ. ಅದರ ಪ್ರಸ್ತಾವ ಬರೆದವರಲ್ಲೂ ವೈಷ್ಣವಿ ಮೂರ್ತಿ ಇದ್ದಾರೆ, ಜತೆಗೆ ವಿನೋದ್ ರಾಜನ್. ಓಲೆಗರಿಯ ಹಳೆಯ ಬರಹಗಳನ್ನು ನೋಡಿ ನೋಡಿ ಮಾಡಿದ ಕೆಲಸ. ಒಬ್ಬರೇ ಒಂದು ಕಡೆ ಕುಣಿಯುವ ಅಕ್ಷರ ಬಿಡಿಸುತ್ತಾರೆ, ಇನ್ನೊಂದು ಕಡೆ ಮರೆತ ಲಿಪಿಗೆ ಮನೆ ಕಟ್ಟಿಕೊಡುತ್ತಾರೆ. ಪೆನ್ಸಿಲ್ ಅವರು ಅವರ ಹೆಸರು ಮೊದಲು ಹೇಳಿದ್ದು ಸರಿಯಾಗಿಯೇ ಇದೆ.

ಚಾಕ್‌ಪೀಸ್ ಟೀಚರ್

ಒಂದು ಸಣ್ಣ ಸಂಗತಿ. ಅಮೆರಿಕದಲ್ಲಿ ಜೆಸ್ಸಿಕಾ ಹಿಶ್ ಎಂಬ ಅಕ್ಷರ ಕಲಾವಿದೆ 2009ರಲ್ಲಿ ದಿನಕ್ಕೊಂದು ಅಕ್ಷರ ಬಿಡಿಸಲು ಶುರು ಮಾಡಿದರಂತೆ. ಬಾರ್ಸಿಲೋನಾದಿಂದ 36 ದಿನದ ಅಕ್ಷರ ಸವಾಲೂ ಶುರುವಾಗಿದೆ, 26 ಅಕ್ಷರ ಮತ್ತು 10 ಅಂಕಿ. ನನ್ನ ತರಗತಿಯಲ್ಲಿ ಮಾಡಿಸೋಣ ಅಂತ ಹೊರಟೆ. ನಮಗೆ 49 ದಿನ ಬೇಕು! ಐದನೇ ತರಗತಿಯ ಹುಡುಗ ಕೇಳಿದ, ‘ಒತ್ತಿಗೆ ಬೇರೆ ದಿನ ಇಲ್ಲವಾ ಟೀಚರ್?’ ಈಗ ‘ಞ’ದಲ್ಲಿದ್ದೇವೆ. ಹುಡುಗಿಯೊಬ್ಬಳು ಅದನ್ನು ಆನೆ ಮಾಡಿದ್ದಾಳೆ. ಸೊಂಡಿಲು ಆಗಲೇ ಅದರಲ್ಲಿ ಇತ್ತಲ್ಲ, ಅವಳು ಕಣ್ಣು ಮಾತ್ರ ಇಟ್ಟಳು.

ಪೆರ್ಲ ಪೆನ್ಸಿಲ್

ಆ ಆನೆಯ ಫೋಟೋ ಬೇಕೇ ಬೇಕು.

ಈಗ ನನ್ನ ಬೋರ್ಡಿಗೆ ಬರುತ್ತೇನೆ. ಮೇಲೆ ಕನ್ನಡವೋ ಮಲಯಾಳವೋ ಎಂಬ ಚರ್ಚೆ ಸಮಿತಿಯ ಎರಡು ಸಭೆ ತಿಂದಿತು. ಚಹಾ ಮುಗಿಯಿತು, ತೀರ್ಮಾನ ಆಗಲಿಲ್ಲ. ನನ್ನ ಕಷ್ಟ ಬೇರೆ. ‘ಗ್ರಂಥಾಲಯ’ದಲ್ಲಿ ‘ಗ’ದ ಕೆಳಗೆ ‘ರ’ ಒತ್ತು ಇಳಿಯುತ್ತದೆ. ಮಲಯಾಳದ ಹೊಸ ಲಿಪಿಯಲ್ಲಿ ಆ ‘ರ’ ಕೆಳಗೆ ಇಳಿಯದೆ ಎಡಕ್ಕೆ ನಿಲ್ಲುತ್ತದೆ. ಕನ್ನಡ ಮೇಲೆ ಇಟ್ಟರೆ ಒತ್ತು ಮಲಯಾಳದ ತಲೆಗೆ ತಾಗುತ್ತದೆ. ಕೆಳಗೆ ಇಟ್ಟರೆ ಒತ್ತು ಬೋರ್ಡಿನ ಅಂಚಿಗೆ ತಾಗುತ್ತದೆ. ತಪ್ಪಿಸಲು ಅಕ್ಷರ ಚಿಕ್ಕದು ಮಾಡಿದರೆ ಕನ್ನಡ ಮಾತ್ರ ಬಡಕಲು. ‘ಥ’ದ ಹೊಟ್ಟೆಯ ಚುಕ್ಕಿ ದಪ್ಪ ಅಕ್ಷರದಲ್ಲಿ ಮುಚ್ಚಿ ‘ಗ್ರಂಧಾಲಯ’ ಆಗುವ ಭಯ ಬೇರೆ.

ಹಳೇ ಬ್ರಶ್

ಮೇಲೆ ಕೆಳಗೆ ಯಾಕೆ? 8 ಅಡಿ ಉದ್ದ ಉಂಟಲ್ಲ ಮಾರಾಯ್ರೇ. ಅಕ್ಕಪಕ್ಕ ಬರೆಯಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವೆ ಒಂದು ಗೇಣು ಬಿಡಿ. ಅಕ್ಷರ 10 ಇಂಚು ಎತ್ತರ. ಒತ್ತಿಗೆ 4 ಇಂಚು, ಅದಕ್ಕಿಂತ ಕಡಿಮೆ ಬೇಡ. ಒತ್ತು ಇಳಿದ ಕಡೆ ಕೆಳಗೆ ಯಾರ ತಲೆಯೂ ಇರುವುದಿಲ್ಲ. ಅಲ್ಲಿಂದ ಕೆಳಗೆ ಒಂದು ಪಟ್ಟಿ, ಅದರಲ್ಲಿ ಊರಿನ ಹೆಸರು ಮತ್ತು ವರ್ಷ ಚಿಕ್ಕದಾಗಿ, ಎರಡರಲ್ಲೂ.

ಚುಕ್ಕಿಗೆ ಹೆದರಬೇಡಿ. ‘ಥ’ ಬರೆಯುವಾಗ ಹೊಟ್ಟೆಯನ್ನು ಉಳಿದ ಅಕ್ಷರಕ್ಕಿಂತ ಸ್ವಲ್ಪ ಅಗಲ ಮಾಡಬೇಕು. ಚುಕ್ಕಿಯನ್ನು ದುಂಡಗೆ ಇಡಬೇಡಿ, ಬ್ರಶ್ಶನ್ನು ಓರೆ ಇಟ್ಟು ಒಮ್ಮೆ ಒತ್ತಿದರೆ ಸಾಕು. ಅಕ್ಕಿಕಾಳಿನ ಹಾಗೆ ಬರುತ್ತದೆ. ಸುತ್ತ ಬೆಳಕು ಉಳಿಯುತ್ತದೆ.

ಗಡಿ ಕಲ್ಲು

ಎಡಕ್ಕೆ ಯಾವುದು ಅಂತ ಮತ್ತೆ ಎರಡು ಸಭೆ ಆಗುತ್ತದೆ ನೋಡಿ.

ಎರಡು ದೋಣಿ

ಬದಿಯಡ್ಕ ಕಡೆಯಿಂದ ಬರುವವರಿಗೆ ಮೊದಲು ಕಾಣುವ ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಿಂದ ಬರುವವರಿಗೆ ಮಲಯಾಳಂ ಅಂತ ಹೇಳಿ. ಸಮಿತಿಯವರು ಯಾವ ಕಡೆಯಿಂದ ಬರುತ್ತಾರೆ ಅಂತ ಲೆಕ್ಕ ಹಾಕುವಷ್ಟರಲ್ಲಿ ಬೋರ್ಡು ಒಣಗಿರುತ್ತದೆ.

ಪೆರ್ಲ ಪೆನ್ಸಿಲ್

ಮಾಡಿದೆ. ಸಮಿತಿ ಒಪ್ಪಿತು. ನಂಬಲಾಗುತ್ತಿಲ್ಲ, ಅರ್ಧ ಗಂಟೆಯಲ್ಲಿ ಒಪ್ಪಿತು. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ತೋರಿಸಿದಾಗ ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನು ಫ್ಲೆಕ್ಸ್ ಮಾಡುವುದಾ?’ ಅಲ್ಲ, ತಗಡಿನಲ್ಲಿ ಬರೆಸುವುದು ಅಂದೆ. ‘ಯಾರು ಬರೆಯುತ್ತಾರೆ ಈಗ?’ ಅಂದರು.

ಬ್ರಶ್ ಅಣ್ಣ, ನಾನು ಕರಡು ಮಾತ್ರ ಮಾಡಬಲ್ಲೆ. ಬರೆಯುವುದು ನೀವೇ ಆಗಬೇಕು. ಕೆಳಗಿನ ಮೂಲೆಯಲ್ಲಿ ನಿಮ್ಮ ಹೆಸರೂ ಬರಬೇಕು. ಇದು ಸಮಿತಿಯ ತೀರ್ಮಾನ, ನನ್ನದಲ್ಲ.

ಹಳೇ ಬ್ರಶ್

ಹೆಸರು ಬೇಡ ಅಂತ ಹೇಳಿಸಿದೆ, ಮಗಳು ಟೈಪ್ ಮಾಡಲು ಒಪ್ಪುವುದಿಲ್ಲ.

ತಗಡು ಮೊದಲು ಉಪ್ಪು ಕಾಗದದಲ್ಲಿ ಉಜ್ಜಿಸಿ ಇಡಿ. ಪ್ರೈಮರ್ ಎರಡು ಕೈ, ನಡುವೆ ಒಂದು ದಿನ ಬಿಸಿಲು. ಪೈಂಟ್ ಎನಾಮಲ್ ತನ್ನಿ, ಹಳದಿ ಒಂದು ಲೀಟರ್, ಕೆಂಪು ಅರ್ಧ, ಕಪ್ಪು ಸಣ್ಣ ಡಬ್ಬ. ಟರ್ಪೆಂಟೈನ್ ನಾನು ತರುತ್ತೇನೆ, ಅಲ್ಲಿಯದ್ದಕ್ಕೆ ನೀರು ಸೇರಿಸುತ್ತಾರೆ. ಟೀಚರೇ, ಆ ‘ಞ’ ಆನೆಯ ಹುಡುಗಿಯನ್ನು ಕರೆದುಕೊಂಡು ಬನ್ನಿ, ಡಬ್ಬ ಹಿಡಿಯಲು ಯಾರಾದರೂ ಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬರುತ್ತೇನೆ. ಏಣಿ ಕಬ್ಬಿಣದ್ದು ಇರಲಿ. ಅಡಿಕೆ ಮರದ ಏಣಿಯಲ್ಲಿ ಒಂದು ಸಲ ‘ಕ್ಷ’ ಬರೆಯುವಾಗ ಬಿದ್ದಿದ್ದೇನೆ.